ಒಂದೇ ಕಣ್ಣು, ಹಿಗ್ಗದ ಪಾಪೆ

ಹನಿ ಹಾಕಿ ಹಾಕಿ ದಾದಿಗೆ ಸಾಕಾಗಿತ್ತು. ಪಾಪೆ ಮಾತ್ರ ಹಿಗ್ಗಿರಲಿಲ್ಲ. ಟಾರ್ಚ್ ಆರಿಸಿ, "ಸಕ್ಕರೆ ಕಾಯಿಲೆ ಇರುವವರಲ್ಲಿ ಹೀಗಾಗುತ್ತದೆ. ಇನ್ನೊಮ್ಮೆ ಹಾಕಿ ನೋಡೋಣ" ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿ ಮುಂದಿನ ರೋಗಿಯ ಕಡೆ ಹೋದಳು. ಅವಳು ಹೇಳಿದ್ದು ತಪ್ಪಲ್ಲ. ಸಕ್ಕರೆ ಕಾಯಿಲೆಯಲ್ಲಿ ಹಾಗೆ ಆಗುತ್ತದೆ, ವಯಸ್ಸಾದರೂ ಆಗುತ್ತದೆ. ಕುರ್ಚಿಯಲ್ಲಿ ಒರಗಿ ಕೂತಿದ್ದ ಹಿರಿಯರಿಗೆ ಎರಡೂ ಇದ್ದವು.

ಈ ಪರದೇಶದ ಈಸ್ಟ್ ತಮಾಕಿ ಬಡಾವಣೆಯಲ್ಲಿ, ಗೋದಾಮುಗಳ ನಡುವಿನ ಒಂದು ಸಣ್ಣ ಕಣ್ಣಿನ ಆಸ್ಪತ್ರೆ ಅದು. ಬೆಳಿಗ್ಗೆ ಬಂದವರು ಸಂಜೆಯೊಳಗೆ ಮನೆಗೆ ಹೋಗುತ್ತಾರೆ. ನಾನು ಅಲ್ಲಿ ಅರಿವಳಿಕೆ ವಿಭಾಗದ ಟೆಕ್ನಿಷಿಯನ್. ಅರಿವಳಿಕೆ ಕೊಡುವವರು ವೈದ್ಯರು. ಔಷಧ, ಸಿರಿಂಜು, ಯಂತ್ರ ಎಲ್ಲ ಸಿದ್ಧ ಮಾಡಿಕೊಟ್ಟು ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. ಪೊರೆ ತೆಗೆಯುವಾಗ ರೋಗಿ ಎಚ್ಚರವಾಗಿಯೇ ಇರುತ್ತಾರೆ, ಆದ್ದರಿಂದ ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂದಿದೆ. ಹೊದಿಕೆಯ ಕೆಳಗೆ ಅವರ ಕೈ ಹಿಡಿದು ಕೂರಬೇಕು. ಕಣ್ಣೊಳಗೆ ಉಪಕರಣ ಇರುವಾಗ ಅವರು ಮಾತಾಡುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. ಏನಾದರೂ ಆಗಬೇಕಿದ್ದರೆ ನನ್ನ ಕೈ ಹಿಂಡಬೇಕು. ನಾನು ಸರ್ಜನ್ನರಿಗೆ ಹೇಳುತ್ತೇನೆ.

ಹಿರಿಯರು ಎಪ್ಪತ್ತು ದಾಟಿದವರು. ಧಾರವಾಡದ ಕಡೆಯವರು, ನೀರಾವರಿ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಈಗ ಹತ್ತಿರದ ತಕಾನಿನಿಯಲ್ಲಿ ಮಗ ಸೊಸೆಯ ಜೊತೆ ಇದ್ದರು. ಎಡಗಣ್ಣು ನೌಕರಿಯ ಕಾಲದಲ್ಲೇ ಹೋಗಿತ್ತು. ಕಾಲುವೆ ತೋಡುವಾಗ ಬಂಡೆಗೆ ಮದ್ದಿಟ್ಟ ಕಡೆಯಿಂದ ಕಲ್ಲಿನ ಚೂರು ಸಿಡಿದಿತ್ತಂತೆ. ಉಳಿದದ್ದು ಬಲಗಣ್ಣು. ಅದರಲ್ಲಿ ಈಗ ಬೆಲ್ಲದ ಬಣ್ಣದ ಗಟ್ಟಿ ಪೊರೆ.

"ಭಾನುವಾರ ಏವನ್‌ಡೇಲ್ ಸಂತಿಗೆ ಹೋದ್ರ ಬದನಿಕಾಯಿ ಹುಳುಕು ಕಾಣವಲ್ದು ತಂಗಿ" ಎಂದಿದ್ದರು, ನಾನು ಕನ್ನಡದವಳೆಂದು ತಿಳಿದ ಕೂಡಲೇ. "ಮನಿಗೆ ತಂದಮ್ಯಾಲೆ ಈಕಿ ಒಂದೊಂದು ಹೆಚ್ಚಿ ತೋರಸ್ತಾಳ."

"ತೋರಸಲಾರದ ಏನ್ ಮಾಡ್ಲಿ ಮಾವಾರ? ಒಂದು ಚೀಲದಾಗ ಅರ್ಧ ಚೀಲ ಹುಳಾನ ಇರ್ತಾವು" ಎಂದಳು ಪಕ್ಕದಲ್ಲಿದ್ದ ಸೊಸೆ. ಆಫೀಸಿಗೆ ರಜೆ ಹಾಕಿ ಅವರನ್ನು ಕರೆತಂದಿದ್ದಳು. ಇಲ್ಲಿಯವರ ಇಂಗ್ಲಿಷ್ ಅವರ ಕಿವಿಗೆ ಹತ್ತುತ್ತಿರಲಿಲ್ಲ. ಹಾಗಾಗಿ ಅವರ ಪರವಾಗಿ ಕೇಳುವವಳು, ಹೇಳುವವಳು ಅವಳೇ.

ಒಂದೇ ಕಣ್ಣಿನವರ ಶಸ್ತ್ರಚಿಕಿತ್ಸೆ ಎಂದರೆ ಎಲ್ಲರೂ ಸ್ವಲ್ಪ ಮೆಲ್ಲಗೆ ಮಾತಾಡುತ್ತೇವೆ. ಕೆಟ್ಟರೆ ಇನ್ನೊಂದು ಕಣ್ಣಿದೆ ಎನ್ನುವ ಮಾತು ಅಲ್ಲಿಲ್ಲ. ಅರಿವಳಿಕೆಯ ಲೆಕ್ಕವೂ ಬೇರೆ. ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು, ಬರೀ ಹನಿಯಿಂದ ಕಣ್ಣಿನ ಮೇಲ್ಪದರವನ್ನು ಮರಗಟ್ಟಿಸುವುದು. ಇನ್ನೊಂದು, ಕಣ್ಣುಗುಡ್ಡೆಯ ಬಿಳಿ ಭಾಗದ ಮೇಲಿನ ತೆಳು ಪದರದಲ್ಲಿ ಸಣ್ಣ ಕತ್ತರಿ ಹಾಕಿ, ಮೊಂಡು ತುದಿಯ ನಳಿಕೆಯಿಂದ ಗುಡ್ಡೆಯ ಹಿಂದಕ್ಕೆ ಔಷಧ ಬಿಡುವುದು. ಇದಕ್ಕೆ ಬ್ಲಾಕ್ ಎನ್ನುತ್ತೇವೆ. ಬ್ಲಾಕ್ ಕೊಟ್ಟರೆ ಕಣ್ಣು ಅಲುಗಾಡುವುದಿಲ್ಲ, ಒಳಗೆ ಏನು ಮಾಡಿದರೂ ನೋವಾಗುವುದಿಲ್ಲ. ಆದರೆ ಕೆಲವು ಗಂಟೆ ಆ ಕಣ್ಣಿನ ದೃಷ್ಟಿಯೇ ಮಂಕಾಗಬಹುದು, ಪೂರ್ತಿ ಕತ್ತಲೂ ಆಗಬಹುದು. ಎರಡು ಕಣ್ಣಿದ್ದವರಿಗೆ ಅದೇನೂ ಅಲ್ಲ. ಇವರಿಗೆ ಅದು ಇಡೀ ಮಧ್ಯಾಹ್ನದ ಕುರುಡು. ಅದಕ್ಕೇ ಅರಿವಳಿಕೆ ವೈದ್ಯೆ ಮೊದಲೇ ಹನಿಯ ದಾರಿಯನ್ನೇ ಬರೆದಿದ್ದರು.

ಇನ್ನು ನಾನು ಕೇಳಿಸಿಕೊಂಡ ಮಾತಿಗೆ ಬರಬೇಕು. ಇದನ್ನು ಬರೆಯುವಾಗ ನನಗೆ ಅಳುಕಿದೆ. ಆದ ಮೇಲೆ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಂತೆ ಕಾಣುತ್ತದೆ, ನೆನಪು ಅಂಥ ಹೊಂದಾಣಿಕೆಯನ್ನು ತಾನೇ ಮಾಡಿಕೊಂಡುಬಿಡುತ್ತದೆ. ಆದರೂ ಈ ಮಾತನ್ನು ಕೇಳಿದ್ದು ನಿಜ. ಆ ಸಂಜೆ ದಿನಚರಿಯಲ್ಲಿ ಮೊದಲು ಬರೆದದ್ದೇ ಇದನ್ನು.

ದಾಖಲು ಮಾಡಿಕೊಳ್ಳುವಾಗ ದಾದಿ ಎಲ್ಲ ಗಂಡಸರಿಗೂ ಕೇಳುವ ಪ್ರಶ್ನೆ ಕೇಳಿದಳು: ಪ್ರಾಸ್ಟೇಟ್ ತೊಂದರೆಗೆ, ಮೂತ್ರ ಸರಾಗವಾಗಲೆಂದು, ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಾರೆಯೇ? ಸೊಸೆ ಒಂದು ಕ್ಷಣ ತಡೆದಳು. ಆಮೇಲೆ ಮಾವನ ಕಡೆ ತಿರುಗಿ, "ಮಾವಾರ, ಬಿಪಿ, ಸಕ್ಕರಿ ಬಿಟ್ಟು ಬ್ಯಾರೆ ಏನರ ಗುಳಿಗಿ ಅದಾವೇನ್ರಿ?" ಎಂದಳು.

"ಇಲ್ಲವಾ. ಬ್ಯಾರೆ ಏನೂ ಇಲ್ಲ."

"ಇಲ್ಲವಂತೆ" ಎಂದು ದಾದಿಗೆ ಇಂಗ್ಲಿಷಿನಲ್ಲಿ ಹೇಳಿದಳು. ದಾದಿ ಗುರುತು ಹಾಕಿಕೊಂಡಳು.

ಪರದೆಯ ಆಚೆ ಮಾನಿಟರಿನ ತಂತಿ ಬಿಡಿಸುತ್ತಿದ್ದ ನನಗೆ ಆಗ ಏನೂ ಅನ್ನಿಸಲಿಲ್ಲ. ಸ್ವಲ್ಪ ನಗು ಬಂದಿತ್ತು, ಅಷ್ಟೇ. ನನ್ನ ಮಾವನವರ ಮುಂದೆ ನಾನೂ ಆ ಪ್ರಶ್ನೆಯನ್ನು ಹಾಗೆಯೇ ಸುತ್ತಿ ಬಳಸಿ ಕೇಳುತ್ತಿದ್ದೆ. ಅವರೂ ಹಾಗೆಯೇ ಇಲ್ಲ ಎನ್ನುತ್ತಿದ್ದರು. ನಮ್ಮ ಮನೆಗಳಲ್ಲಿ ಸೊಸೆ ಮತ್ತು ಮಾವ ಮೂತ್ರದ ವಿಷಯ ಮಾತಾಡುವುದಿಲ್ಲ. ಮಾತಾಡಬಾರದೆಂದು ಯಾರೂ ಹೇಳಿಕೊಡಬೇಕಿಲ್ಲ.

ಹನಿ ಹಾಕಿದ ಮೇಲೂ ಪಾಪೆ ಹಿಗ್ಗದೆ ಕೂತಾಗ ಆ ಮಾತು ತಿರುಗಿ ಬಂತು. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ಮೂತ್ರನಾಳದ ಸ್ನಾಯುಗಳನ್ನು ಸಡಿಲಿಸುತ್ತದೆ. ಜೊತೆಗೆ ಐರಿಸನ್ನೂ, ಎಂದರೆ ಪಾಪೆಯ ಸುತ್ತಲಿನ ಬಣ್ಣದ ಪರದೆಯನ್ನೂ, ಸಡಿಲಿಸುತ್ತದೆ. ಪೊರೆ ಒಡೆದು ಹೀರುವಾಗ ಕಣ್ಣೊಳಗೆ ನೀರು ಹರಿಯುತ್ತಿರುತ್ತದೆ. ಸಡಿಲ ಪರದೆ ಆ ಹರಿವಿನಲ್ಲಿ ಅಲೆಯಾಡುತ್ತದೆ, ಸರ್ಜನ್ ಮಾಡಿದ ಗಾಯದ ಬಾಯಿಂದ ಹೊರಗೆ ಬರುತ್ತದೆ, ಪಾಪೆ ಇನ್ನಷ್ಟು ಕಿರಿದಾಗುತ್ತದೆ. ಗೊತ್ತಿಲ್ಲದೆ ಶುರು ಮಾಡಿದರೆ ಪೊರೆಯ ಹಿಂದಿನ ಚೀಲ ಹರಿದು, ಕೆಲವೊಮ್ಮೆ ದೃಷ್ಟಿಯೇ ಹೋಗಬಹುದು. ಮೊದಲೇ ಗೊತ್ತಿದ್ದರೆ ಸಿದ್ಧತೆ ಬೇರೆ.

ನನ್ನ ನೆನಪಿನಲ್ಲಿ ನಾನು ತಕ್ಷಣ ಹೋಗಿ ವೈದ್ಯೆಗೆ ಹೇಳಿದೆ. ದಿನಚರಿ ಹಾಗೆ ಹೇಳುವುದಿಲ್ಲ. ಮೊದಲು ಸಿರಿಂಜುಗಳಿಗೆ ಚೀಟಿ ಅಂಟಿಸಿದೆ, ಆಮ್ಲಜನಕ ಪರೀಕ್ಷಿಸಿದೆ, ಆಗಲೇ ಪರೀಕ್ಷಿಸಿದ್ದನ್ನು ಮತ್ತೆ ಪರೀಕ್ಷಿಸಿದೆ ಎಂದು ಅದರಲ್ಲಿದೆ. ಸಿಬ್ಬಂದಿ ದುಭಾಷಿಯ ಕೆಲಸ ಮಾಡಬಾರದೆಂಬ ನಿಯಮವಿದೆ, ಅದೊಂದು ಕಾರಣ. ಇನ್ನೊಂದು ಕಾರಣ ನಿಯಮದ್ದಲ್ಲ. ಹೋಗಿ ಹೇಳಿದರೆ, ಅವರನ್ನು ಆ ಪ್ರಶ್ನೆ ಕೇಳುವವಳು ನಾನೇ ಆಗಬೇಕಾಗುತ್ತದೆಂದು ನನಗೆ ಗೊತ್ತಿತ್ತು.

ಕೊನೆಗೆ ಹೇಳಿದೆ. ವೈದ್ಯೆ ಕನ್ನಡಕ ತಲೆಯ ಮೇಲೇರಿಸಿ ನನ್ನನ್ನೇ ನೋಡಿದರು.

"ನಿನಗೆ ಖಾತ್ರಿಯೇ?"

"ಪ್ರಶ್ನೆ ಅವರನ್ನು ಮುಟ್ಟಲಿಲ್ಲ ಅನ್ನುವುದು ಖಾತ್ರಿ. ಉಳಿದದ್ದು ಊಹೆ."

ಅವರು ದುಭಾಷಿಗಳ ಫೋನ್ ಸೇವೆಗೆ ಕರೆ ಮಾಡಿದರು. ಕನ್ನಡದವರು ಊಟದ ನಂತರವೇ ಸಿಗುತ್ತಾರೆ, ಬೇಕಿದ್ದರೆ ಹಿಂದಿಯವರಿದ್ದಾರೆ ಎಂಬ ಉತ್ತರ ಬಂತು. ಹಿರಿಯರಿಗೆ ಹಿಂದಿ ಅಷ್ಟಕ್ಕಷ್ಟೆ. ಇಲ್ಲಿಯ ದಾಖಲೆಗಳಲ್ಲಿ ಅಂಥ ಮಾತ್ರೆ ಇರಲಿಲ್ಲ. ಆದರೆ ಊರಿಂದ ತಂದದ್ದು ಇಲ್ಲಿಯ ದಾಖಲೆಗೆ ಹೇಗೆ ಬರಬೇಕು? ಅಷ್ಟರಲ್ಲಿ ಸರ್ಜನ್ನರು ಬಂದರು. ಮಾತು ಕಡಿಮೆಯ ಮನುಷ್ಯ. "ಪಾಪೆ ಅಗಲಿಸುವ ಉಂಗುರ ಹೇಗೂ ತೆಗೆದಿಟ್ಟುಕೊಳ್ಳಬಹುದು. ಆದರೆ ಇರುವುದೊಂದೇ ಕಣ್ಣು, ಊಹೆಯ ಮೇಲೆ ಕೈ ಹಾಕಲಾರೆ. ಗೊತ್ತಾಗದಿದ್ದರೆ ಇವತ್ತು ಬೇಡ" ಎಂದರು.

"ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪಡೆಯುವುದಾದರೆ ದುಭಾಷಿಯೇ ಬೇಕು. ಇದು ಅದಲ್ಲ. ಸುರಕ್ಷತೆಯ ಒಂದು ಪ್ರಶ್ನೆ" ಎಂದರು ವೈದ್ಯೆ. "ನೀನು ಕೇಳು, ನಾನು ಪಕ್ಕದಲ್ಲಿ ನಿಂತಿರುತ್ತೇನೆ."

ಸೊಸೆಗೆ, ಒಳಗೆ ಕರೆದೊಯ್ಯುವ ಮೊದಲು ರೋಗಿಯೊಬ್ಬರನ್ನೇ ಒಮ್ಮೆ ಮಾತಾಡಿಸುವ ಪದ್ಧತಿಯಿದೆ ಎಂದೆ. ಪದ್ಧತಿ ಇರುವುದು ಹೌದು. ನಾವು ಯಾವಾಗಲೂ ಪಾಲಿಸುವುದಿಲ್ಲ, ಅಷ್ಟೇ. ಅವಳು ಕಾಫಿ ತರುತ್ತೇನೆಂದು ಹೊರಗೆ ಹೋದಳು.

"ಅಂಕಲ್, ರಾತ್ರಿ ಹೊತ್ತು ಮೂತ್ರಕ್ಕೆ ಏಳೋದಕ್ಕೆ ಅಂತ ಏನಾದ್ರೂ ಮಾತ್ರೆ ತಗೋತೀರಾ?"

ಅವರ ಮುಖ ಬಿಗಿಯಿತು. "ಹೇಳೀನಲ್ಲ ತಂಗಿ, ಏನಿಲ್ಲ ಅಂತ. ಕಣ್ಣಿಗೂ ಅದಕ್ಕೂ ಏನ್ ಸಂಬಂಧ?"

ಕೇಳಿದ ರೀತಿ ತಪ್ಪಾಯಿತೆಂದು ಗೊತ್ತಾಯಿತು. ಮಗಳ ವಯಸ್ಸಿನವಳು, ಅವರ ಮಟ್ಟಿಗೆ ಡಾಕ್ಟರೂ ಅಲ್ಲ, ಜೊತೆಗೆ ನಮ್ಮವಳೇ. ಪರಕೀಯಳಾಗಿದ್ದರೆ ಸಲೀಸಾಗುತ್ತಿತ್ತೇನೋ. ವೈದ್ಯೆಗೆ ಭಾಷೆ ತಿಳಿಯದಿದ್ದರೂ ಉತ್ತರ ತಿಳಿದಿತ್ತು. ಅವರು ಗಡಿಯಾರ ನೋಡಿದರು. ಹಿರಿಯರು ಕೇಳಿದ ಕಡೆಯ ಪ್ರಶ್ನೆಗೇ ನಾನು ಜೋತುಬಿದ್ದೆ. ಸಂಬಂಧ ಏನು ಎಂದು ಕೇಳಿದ್ದರಲ್ಲ, ಅದನ್ನೇ ಹೇಳೋಣ ಅನ್ನಿಸಿತು.

"ಅಂಕಲ್, ನೀವು ಕಾಲುವೇಲಿ ಕೆಲಸ ಮಾಡಿದೋರು. ನೀರು ಬಿಟ್ಟಾಗ ಗೇಟಿನ ಹಲಗೆ ಸಡಿಲ ಇದ್ರೆ ಏನಾಗತ್ತೆ?"

"ಬಡಕೋತೈತಿ" ಎಂದರು ತಕ್ಷಣ. "ಚೌಕಟ್ಟಿಗೆ ಬಡಕೊಂಡ ಬಡಕೊಂಡ ಎಲ್ಲಾ ಕಿತ್ತುಕೊಂಡ ಹೋಗತೈತಿ. ಯಾಕ?"

"ಕಣ್ಣೊಳಗೂ ಇವ್ರು ನೀರು ಬಿಡ್ತಾರೆ. ಪಾಪೆ ಸುತ್ತ ಒಂದು ಪರದೆ ಇದೆ, ಅದೇ ಗೇಟು ಅಂದ್ಕೊಳ್ಳಿ. ನಾನು ಕೇಳಿದ ಮಾತ್ರೆ ಇದ್ಯಲ್ಲ, ಅದು ಆ ಗೇಟನ್ನ ಸಡಿಲ ಮಾಡತ್ತೆ. ಮೊದ್ಲೇ ಗೊತ್ತಿದ್ರೆ ಡಾಕ್ಟರು ಬಿಗಿ ಮಾಡ್ಕೊಂಡು ನೀರು ಬಿಡ್ತಾರೆ. ಗೊತ್ತಿಲ್ದೆ ಬಿಟ್ರೆ..."

ಮುಂದಿನದು ಹೇಳಬೇಕಾಗಲಿಲ್ಲ. ಅವರು ಬಾಗಿಲ ಕಡೆ ಮುಖ ತಿರುಗಿಸಿದರು.

"ಅಕಿ ಬಾಗಲದಾಗ ನಿಂತಾಳೇನು?"

"ಇಲ್ಲ ಅಂಕಲ್, ಕಾಫಿ ತರೋಕೆ ಹೋಗಿದಾರೆ."

"ಊರಾಗಿದ್ದಾಗಿಂದ ತಗೋತೀನಿ. ಬರೂಮುಂದ ಸಾಕಷ್ಟು ತಂದೀನಿ. ಗಡ್ಡಾ ಮಾಡೂ ಸಾಮಾನಿನ ಚೀಲದಾಗ ಇಟ್ಟೀನಿ, ಮಗಗೂ ಗೊತ್ತಿಲ್ಲ." ಹೆಸರು ನೆನಪಿರಲಿಲ್ಲ. ಅರ್ಧ ಹಸಿರು, ಅರ್ಧ ಕಿತ್ತಳೆ ಬಣ್ಣದ ಕ್ಯಾಪ್ಸೂಲು ಎಂದರು. ಟ್ಯಾಮ್ಸುಲೋಸಿನ್ ಎಂದು ನಾನು ಮೆಲ್ಲಗೆ ಉಚ್ಚರಿಸಿದಾಗ, "ಹೂಂ, ಅಂಥದ್ದs ಏನೋ. ನಿನ್ನೆನೂ ತಗೊಂಡೀನಿ. ಇವತ್ತ ಬಿಟ್ಟರ ನಡೀತೈತೇನು?" ಎಂದು ಕೇಳಿದರು.

ನಡೆಯುವುದಿಲ್ಲ. ಬಿಟ್ಟು ತಿಂಗಳುಗಳಾದರೂ ಪರದೆ ಸಡಿಲವಾಗಿಯೇ ಉಳಿಯಬಹುದು. ಅದನ್ನೂ ಹೇಳಿದೆ.

"ಅಕಿಗೆ ಹೇಳಬ್ಯಾಡ."

"ನಾನು ಹೇಳಲ್ಲ. ಡಾಕ್ಟರಿಗೆ ಹೇಳ್ಲೇಬೇಕು."

"ಡಾಕ್ಟರಗ ಹೇಳು. ಅವರಿಗ್ಯಾಕ ನಾಚಬೇಕು."

ಆಮೇಲಿನ ಕೆಲಸ ಚುರುಕಾಗಿ ನಡೆಯಿತು, ಆದರೆ ಆತುರದಿಂದಲ್ಲ. ಹಿರಿಯರನ್ನು ಸರದಿಯ ಕೊನೆಗೆ ಹಾಕಲಾಯಿತು. ಪಾಪೆಯನ್ನು ಒಳಗಿನಿಂದ ಹಿಡಿದಿಡುವ, ನಾಲ್ಕು ಮೂಲೆಯ ಸಣ್ಣ ಉಂಗುರ ಹೊರಬಂತು. ಕಣ್ಣೊಳಗೇ ಬಿಡುವ ಫಿನೈಲೆಫ್ರಿನ್ ತಯಾರಿಸಬೇಕಾಯಿತು. ಅದು ಪರದೆಗೆ ಬಿಗಿ ಕೊಡುವ ಔಷಧ. ಕೆಡದಂತೆ ಬೆರೆಸುವ ರಾಸಾಯನಿಕ ಅದರಲ್ಲಿ ಇರಬಾರದು, ತೆಳು ಮಾಡುವ ಪ್ರಮಾಣ ತಪ್ಪಬಾರದು. ನಾನು ಮಾಡುತ್ತ ಗಟ್ಟಿಯಾಗಿ ಹೇಳಿದೆ, ದಾದಿ ಪ್ರತಿ ಹೆಜ್ಜೆ ನೋಡಿ ಹೌದು ಎಂದಳು.

ಇನ್ನು ಅರಿವಳಿಕೆ. ಉಂಗುರ ಕೂರಿಸುವಾಗ ಪರದೆಯನ್ನು ಎಳೆಯಬೇಕಾಗುತ್ತದೆ, ಹನಿ ಮಾತ್ರ ಹಾಕಿದ್ದರೆ ಆ ಎಳೆತ ತಿಳಿಯುತ್ತದೆ. ನೋವಿಗೆ ತಲೆ ಅಲುಗಿಸಿದರೆ ಕೆಟ್ಟಿತು. ಬ್ಲಾಕ್ ಕೊಡುವುದೇ ಸರಿ ಎಂದು ವೈದ್ಯೆ, ಸರ್ಜನ್ ಇಬ್ಬರೂ ಒಪ್ಪಿದರು. ನಿದ್ದೆಯ ಮದ್ದು ಬೇಡವೆಂದರು ವೈದ್ಯೆ. ಅದು ನನಗೆ ಮೊದಲ ವರ್ಷ ವಿಚಿತ್ರವೆನಿಸುತ್ತಿತ್ತು. ಹೆದರಿದವರಿಗೆ ಕೊಟ್ಟರೆ ಒಳ್ಳೆಯದಲ್ಲವೇ? ಆದರೆ ವಯಸ್ಸಾದವರು ಅರೆನಿದ್ದೆಯಲ್ಲಿ ಜೋಂಪು ಹತ್ತಿ, ಹೊದಿಕೆಯ ಕೆಳಗೆ ಬೆಚ್ಚಿ ಎದ್ದರೆ ತಲೆ ಎತ್ತಿಬಿಡುತ್ತಾರೆ. ಹೆದರಿದ ಎಚ್ಚರವೇ ಎಷ್ಟೋ ವಾಸಿ.

ಅಷ್ಟರಲ್ಲಿ ಕನ್ನಡದ ದುಭಾಷಿ ಫೋನಿನಲ್ಲಿ ಸಿಕ್ಕರು. ಹೊಸ ಯೋಜನೆಯನ್ನು ಅವರ ಮೂಲಕವೇ ವಿವರಿಸಿ ಒಪ್ಪಿಗೆ ಪಡೆದರು. ಹಿರಿಯರು ಎಲ್ಲಕ್ಕೂ ಹೂಂ ಎಂದರು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿದರು.

"ಕತ್ತಲಾಗತೈತಿ ಅಂದ್ರು ಆತ. ಹೊಳ್ಳಿ ಬೆಳಕ ಬರತೈತಿ ಅಂತ ಬರಕೊಡತಿಯೇನು?"

"ಬರ್ಕೊಡೋಕೆ ಆಗಲ್ಲ ಅಂಕಲ್. ಕತ್ತಲಾದಾಗ, ಇದು ಔಷಧದ ಕತ್ತಲೆ ಅಂತ ನೆನಪಿಸ್ತೀನಿ. ಅಷ್ಟು ಮಾಡ್ತೀನಿ."

ಅವರು ಕನ್ನಡಕ ತೆಗೆದು ಮಡಚಿ ನನ್ನ ಕೈಗೆ ಕೊಟ್ಟರು.

ಬ್ಲಾಕಿಗೆ, ಮರಗಟ್ಟಿಸುವ ಲಿಗ್ನೋಕೇನ್ ಜೊತೆ, ಅದು ಬೇಗ ಹರಡುವಂತೆ ಮಾಡುವ ಇನ್ನೊಂದು ಔಷಧವನ್ನು ಸೇರಿಸಿಕೊಟ್ಟೆ. ವೈದ್ಯೆ ಕಣ್ಣನ್ನು ಅಯೋಡಿನ್ ದ್ರಾವಣದಿಂದ ತೊಳೆದು, ಮೇಲೆ ನೋಡಿ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಪುಟ್ಟ ಕತ್ತರಿ, ಮೊಂಡು ನಳಿಕೆ, ಮೆಲ್ಲನೆಯ ಒತ್ತು. ಹಿರಿಯರು ಹಲ್ಲು ಕಚ್ಚಿಕೊಂಡಿದ್ದರು, ನೋವಿಗಿಂತ ಕಾಯುವುದಕ್ಕೆ ಎನಿಸುತ್ತದೆ. ಸ್ವಲ್ಪ ಹೊತ್ತಿಗೆ ಎಡಕ್ಕೆ ನೋಡಿ, ಬಲಕ್ಕೆ ನೋಡಿ ಎಂದರೆ ಕಣ್ಣು ಕದಲಲಿಲ್ಲ.

"ತಂಗಿ, ಲೈಟ್ ಆರಿಸಿದ್ರೇನು?"

ಸೂಕ್ಷ್ಮದರ್ಶಕದ ದೀಪ ನೇರ ಅವರ ಕಣ್ಣಿನ ಮೇಲೇ ಉರಿಯುತ್ತಿತ್ತು.

"ಔಷಧದ ಕತ್ತಲೆ ಅಂಕಲ್" ಎಂದೆ. ಹೊದಿಕೆಯ ಕೆಳಗೆ ಅವರ ಕೈ ಹಿಡಿದುಕೊಂಡೆ.

ಮೊದಲಿಗೆ ಎಲ್ಲ ಸರಿಯಿತ್ತು. ಫಿನೈಲೆಫ್ರಿನ್ ಒಳಗೆ ಹೋಯಿತು, ಪಾಪೆ ಕೊಂಚ ಅಗಲವಾಯಿತು. ಉಂಗುರದ ಮೂರು ಮೂಲೆ ಸಲೀಸಾಗಿ ಕೂತವು. ನಾಲ್ಕನೆಯದು ಜಾರಿತು. ಗೋಡೆಯ ಮೇಲಿನ ಟೀವಿಯಲ್ಲಿ ನಾನು ನೋಡುತ್ತಲೇ ಇದ್ದೆ. ಒದ್ದೆ ಬಟ್ಟೆ ಗಾಳಿಗೆ ಉಬ್ಬುವಂತೆ ಐರಿಸ್ ಉಬ್ಬಿತು, ಅದರ ಒಂದು ಅಂಚು ಗಾಯದ ಕಡೆ ಸರಿಯಿತು. ಸರ್ಜನ್ನರು ನೀರಿನ ಒತ್ತಡ ತಗ್ಗಿಸಲು ಹೇಳಿ ಅದನ್ನು ಮೆಲ್ಲಗೆ ಒಳಗೆ ದೂಡಿದರು. ಆ ಹೊತ್ತಿಗೇ ನನ್ನ ಕೈಯನ್ನು ಹಿರಿಯರು ಹಿಂಡಿದರು.

"ನಿಲ್ಲಿಸಿ" ಎಂದೆ. ಸರ್ಜನ್ನರು ಉಪಕರಣ ಹೊರತೆಗೆದರು. "ಏನು ಅಂಕಲ್?"

"ಕೆಮ್ಮು."

ಅವರು ಕೆಮ್ಮಿದರು, ಎರಡು ಸಲ. ಕೆಮ್ಮಿ ಮುಗಿಸಿ, ಬಿಡುವು ಸಿಕ್ಕಿತೆಂದು, ಹೊದಿಕೆಯ ಕೆಳಗಿನಿಂದ, "ಗೇಟು ಬಡಕೊಳ್ಳಾಕತ್ತೈತೇನು?" ಎಂದರು.

"ಸ್ವಲ್ಪ. ಬಿಗಿ ಮಾಡ್ತಿದಾರೆ. ಮಾತಾಡ್ಬೇಡಿ."

"ಏನಂದರು?" ಸರ್ಜನ್ನರು ಕೇಳಿದರು. ಹೇಳಿದೆ. ಅವರು ನಗುವವರಲ್ಲ. "ಬಿಗಿಯಾಗುತ್ತದೆಂದು ಹೇಳು" ಎಂದು, ನಾಲ್ಕನೆಯ ಮೂಲೆಯನ್ನು ಈ ಸಲ ಬೇರೆ ಕಡೆಯಿಂದ ತಂದು ಕೂರಿಸಿದರು. ಕೂತಿತು.

ಪೊರೆ ಗಟ್ಟಿಯಿತ್ತು, ಒಡೆಯಲು ಹೊತ್ತು ಹಿಡಿಯಿತು. ಪರದೆ ಉಂಗುರದ ಹಿಂದೆ ನಡುಗುತ್ತಿತ್ತು, ಆದರೆ ದಾಟಿ ಬರಲಿಲ್ಲ. ಹಿಂದಿನ ಚೀಲ ಹರಿಯಲಿಲ್ಲ. ಹೊಸ ಮಸೂರ ಮಡಚಿಕೊಂಡು ಒಳಹೋಗಿ ಬಿಚ್ಚಿಕೊಂಡಿತು. ಗೊತ್ತಿಲ್ಲದೆ ಶುರು ಮಾಡಿದ್ದರೂ ಆ ಸರ್ಜನ್ನರು ಹೇಗೋ ನಿಭಾಯಿಸುತ್ತಿದ್ದರೇ? ಇರಬಹುದು. ಇದನ್ನು ಬರೆಯುವಾಗ ನಾನು ಒಂದು ಕಣ್ಣು ಉಳಿಸಿದೆ ಎಂಬ ಧಾಟಿ ಬಂದುಬಿಡುತ್ತದೆ, ಹಾಗಾಗಿ ಎರಡು ಸಲ ಹೊಡೆದುಹಾಕಿದ್ದೇನೆ. ನನಗೆ ಖಾತ್ರಿಯಿರುವುದು ಇಷ್ಟು: ಉಂಗುರ ಕೂತಾಗ ಬಿಗಿದಿದ್ದ ನನ್ನ ಭುಜ ಸಡಿಲವಾಯಿತು.

ಹೊರಗೆ ಕರೆತಂದಾಗ ಅವರಿಗೆ ಏನೂ ಕಾಣುತ್ತಿರಲಿಲ್ಲ. ಸೊಸೆ ಚಹಾದ ಕಪ್ಪನ್ನು ಅವರ ಎರಡೂ ಕೈಗಳ ನಡುವೆ ಇಟ್ಟು, ತನ್ನ ಕೈ ತೆಗೆಯದೆ ಹಾಗೇ ಹಿಡಿದುಕೊಂಡು ಕುಡಿಸಿದಳು. ತನ್ನನ್ನು ಹೊರಗೆ ಕಳಿಸಿ ಏನು ಕೇಳಿದಿರೆಂದು ಅವಳು ವಿಚಾರಿಸಲಿಲ್ಲ. ಅವರು ಮನೆಗೆ ಹೊರಟಾಗಲೂ ಕತ್ತಲೆ ಪೂರ್ತಿ ಕರಗಿರಲಿಲ್ಲ. ಮಬ್ಬಾಗಿ ಏನೋ ಬಿಳಿ ತೋರುತ್ತಿದೆ ಎಂದಷ್ಟೇ ಹೇಳಿದರು. ಆ ಬಿಳಿಯನ್ನು ನೆಚ್ಚಿಕೊಂಡು ನಾನೂ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಮೊದಲ ರೋಗಿಗೂ ಎರಡನೆಯ ರೋಗಿಗೂ ನಡುವೆ ಬಿಡುವು ಮಾಡಿಕೊಂಡು ತಪಾಸಣೆಯ ಕೋಣೆಗೆ ಹೋದೆ. ದಾದಿ ಕಣ್ಣಿನ ಮೇಲಿನ ಕವಚ ತೆಗೆಯುತ್ತಿದ್ದಳು. ಹಿರಿಯರು ರೆಪ್ಪೆ ಬಡಿದರು. ಕಿಟಕಿ ನೋಡಿದರು, ಅಕ್ಷರದ ಫಲಕ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ ನೋಡುತ್ತಲೇ ಇದ್ದರು.

"ಇಷ್ಟು ಬಿಳಿಗೂದಲ ಯಾವಾಗ ಬಂದುವವಾ ನಿನಗ?"

"ನೋಡ್ರಿ" ಎಂದಳು ಅವಳು ನನಗೆ. "ಕಣ್ಣು ಬಂದ ಕೂಡಲೆ ಹುಳುಕು ಹುಡುಕಾಕ ಸುರು." ನಗುತ್ತಲೇ ಹೇಳಿದಳು, ಆದರೆ ಮುಖ ಒರೆಸಿಕೊಂಡಳು.

ಫಲಕದಲ್ಲಿ ಅವರು ಕೆಳಗಿನಿಂದ ಮೂರನೆಯ ಸಾಲಿನವರೆಗೆ ಓದಿದರು. ದಾದಿ ಮನೆಯಲ್ಲಿ ಹಾಕಬೇಕಾದ ಹನಿಗಳನ್ನು ವಿವರಿಸಿದಳು. ನಂತರ ಎಂದಿನಂತೆ, ಇವಲ್ಲದೆ ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಹೇಳಿ, ಅವರ ಮನೆವೈದ್ಯರಿಗೆ ಪಟ್ಟಿ ಕಳಿಸಬೇಕು ಎಂದಳು.

ಸೊಸೆ ತಿರುಗಿ ಮಾವನಿಗೆ ಹೇಳಲಿಲ್ಲ. ಕೈಚೀಲ ಎತ್ತಿಕೊಂಡು ಎದ್ದಳು. "ಮಾವಾರ, ನಾ ಹೊರಗ ನಿಂತಿರ್ತೀನ್ರಿ. ಇವರಿಗೆ ನೀವs ಹೇಳ್ರಿ" ಎಂದು ನನ್ನತ್ತ ಕೈ ತೋರಿಸಿದಳು. ಯಾವಾಗ ಊಹಿಸಿದಳೋ, ನನಗೆ ಗೊತ್ತಿಲ್ಲ.

ಬಾಗಿಲ ಹಿಡಿಕೆಯ ಮೇಲೆ ಅವಳ ಕೈ ಇತ್ತು.

"ಎಲ್ಲಿ ಹೊಂಟಿ?" ಎಂದರು ಹಿರಿಯರು. "ಬಾ, ಕೂಡ್ರು. ಮನ್ಯಾಗ ಗುಳಿಗಿ ಕೊಡಾಕಿ ನೀನೋ, ಈಕಿನೋ?" ಅವಳು ಬಂದು ಕೂತಳು. ಅವರು ಅಕ್ಷರದ ಫಲಕದ ಕಡೆ ಮುಖ ಮಾಡಿಕೊಂಡು, ಇನ್ನೊಂದು ಸಾಲು ಓದುವವರ ಹಾಗೆ, ನಿಧಾನವಾಗಿ ಹೇಳಿದರು. "ಮೂತ್ರದ್ದು ಒಂದು ಗುಳಿಗಿ ಐತಿ. ರಾತ್ರಿ ತಗೋತೀನಿ. ಹೇಳು ಅವರಿಗೆ."

ಅವಳು ಸಕ್ಕರೆಯ ಮಾತ್ರೆ, ಬಿಪಿ ಮಾತ್ರೆ ಹೇಳಿದ ಧ್ವನಿಯಲ್ಲೇ ಅದನ್ನೂ ದಾದಿಗೆ ಹೇಳಿದಳು. ಎರಡನೆಯ ರೋಗಿಗೆಂದು ನನ್ನನ್ನು ಒಳಗೆ ಕರೆಯುತ್ತಿದ್ದರು. ಹೋದೆ.